127 ಹಲ್ಲಿನ ಹಠ

ಅಹಮದಾಬಾದಿನಲ್ಲಿ ‘ಚಾಲಶೇ’ ಅಂದರೆ ಮಾತು ಮುಗಿಯಿತು. ಕುಂಟುವ ಮೇಜು, ಎರಡು ರೂಪಾಯಿ ಕಮ್ಮಿ ಚಿಲ್ಲರೆ, ಗೊತ್ತಾದ ಸಂಬಂಧ, ಎಲ್ಲಕ್ಕೂ ಅದೇ ತೀರ್ಪು: ನಡೆಯುತ್ತೆ ಬಿಡಿ. ಈ ತೀರ್ಪು ನನ್ನ ಬಾಲ್ಕನಿಯ ಪುಟ್ಟ ಲೇತಿಗೆ ಅನ್ವಯಿಸುವುದಿಲ್ಲ ಎಂದು ನಂಬಿದ್ದೆ.

ನಮ್ಮ ಹೌಸಿಂಗ್ ಸೊಸೈಟಿಯ ಸಿಸಿಟಿವಿ ಲೆನ್ಸಿಗೆ ಲಾಕ್ ರಿಂಗ್ ಬೇಕಿತ್ತು. ಅಂಥ ಸಣ್ಣ ಲೆನ್ಸುಗಳ ಥ್ರೆಡ್ಡು ಸಾಮಾನ್ಯವಾಗಿ ಎಂ12, ಪಿಚ್ಚು ಅರ್ಧ ಮಿಲಿಮೀಟರು. ಆಳ ಸುಮಾರು 0.3 ಮಿಲಿಮೀಟರು, ಅಷ್ಟೇ. ನನ್ನದೋ ಹಳೇ ಇಂಗ್ಲಿಷ್ ಲೇತು. ಟೂಲನ್ನು ಓಡಿಸುವ ಲೀಡ್ ಸ್ಕ್ರೂನಲ್ಲಿ ಇಂಚಿಗೆ ಎಂಟು ಥ್ರೆಡ್ಡು. ಭಾರತ ಮೆಟ್ರಿಕ್ ಅಳತೆಗೆ ಕಾಯ್ದೆ ಮಾಡಿದ್ದು 1956ರಲ್ಲಿ, ಈ ಲೇತಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಇಂಚೆಂದರೆ 25.4 ಮಿಲಿಮೀಟರು, ಅದರ ಐದು ಪಟ್ಟು 127. ಹಾಗಾಗಿ ಎರಡು ಅಳತೆಗಳ ನಡುವೆ ರಾಜಿ ಮಾಡಿಸಲು 127 ಹಲ್ಲಿನ ಗೇರೇ ಆಗಬೇಕು. ಸ್ಪಿಂಡಲ್ ಕಡೆ 20, ಸ್ಕ್ರೂ ಕಡೆ 127: ಕರಾರುವಾಕ್ಕು ಅರ್ಧ ಮಿಲಿಮೀಟರು. ಆದರೆ 127 ಅವಿಭಾಜ್ಯ ಸಂಖ್ಯೆ, ಯಾರ ಜೊತೆಗೂ ಹೊಂದದ ಜಾತಿ.

ಅದನ್ನು ಹುಡುಕಿಕೊಂಡು ಭಾನುವಾರ ಸಾಬರಮತಿ ದಂಡೆಯ ಗುಜರಿ ಬಜಾರಿಗೆ ಹೋದೆ. ತುಕ್ಕಿನ ರಾಶಿಯ ಹಿಂದೆ ಕೂತಿದ್ದವನು, “ಏಕ್‌ಸೋ ಸತ್ತಾವೀಸ್ ನಥೀ, ತ್ರೇಸಠ್ ಛೇ. ಚಾಲಶೇ, ಕಾಕಾ” ಅಂದ. 127 ಇಲ್ಲವಂತೆ, 63 ಇದೆಯಂತೆ. ಬೈಯಲು ಬಾಯಿ ತೆರೆದು, ಲೆಕ್ಕ ಹಾಕಿದೆ. 63 ಹಲ್ಲಿನ ಗೇರನ್ನು ನನ್ನಲ್ಲಿರುವ 20, 80, 100ರ ಜೊತೆ ಪೋಣಿಸಿದರೆ ಬರುವ ತಪ್ಪು 8000ಕ್ಕೆ ಒಂದು ಪಾಲು. ಎಂಟು ಮೀಟರ್ ಉದ್ದಕ್ಕೆ ಥ್ರೆಡ್ ಹಾಕಿದರೆ ಒಂದು ಮಿಲಿಮೀಟರ್ ಹೆಚ್ಚಾದೀತು. ನನ್ನ ರಿಂಗಿನ ದಪ್ಪ ನಾಲ್ಕೇ ಮಿಲಿಮೀಟರು! ಚೌಕಾಶಿ ಮಾಡದೆ ದುಡ್ಡು ಕೊಟ್ಟೆ. ಅವನಿಗೇ ಅನುಮಾನ ಬಂತು.

ಇಂಚಿನ ಲೇತಿನಲ್ಲಿ ಮೆಟ್ರಿಕ್ ಥ್ರೆಡ್ ಹಾಕುವಾಗ ಲೀಡ್ ಸ್ಕ್ರೂ ಹಿಡಿಯುವ ಹಾಫ್ ನಟ್ ಒಮ್ಮೆ ಕಚ್ಚಿಸಿದರೆ ಕೆಲಸ ಮುಗಿಯುವವರೆಗೆ ಬಿಡಿಸುವಂತಿಲ್ಲ. ಬಿಡಿಸಿದರೆ ಟೂಲು ಹಳೇ ಹಾದಿಗೇ ಮರಳುತ್ತದೆಂಬ ಭರವಸೆಯಿಲ್ಲ. ಮೋಟಾರಿನ ಸಹವಾಸ ಬೇಡವೆಂದು ಸ್ಪಿಂಡಲ್ಲಿಗೆ ಹಿಡಿಕೆ ಸಿಕ್ಕಿಸಿದೆ. ಕೈಯಲ್ಲೇ ಮುಂದಕ್ಕೆ ತಿರುಗಿಸು, ಟೂಲ್ ಸರಿಸು, ಹಿಂದಕ್ಕೆ ತಿರುಗಿಸು. ಎದುರು ಮನೆಯಾಕೆ ಕೈಮುಗಿದರು. ಚರಕ ಅಂದುಕೊಂಡರಂತೆ.

ವಡೋದರಾದ ಮಕರಪುರ ಜಿಐಡಿಸಿ ಕೈಗಾರಿಕಾ ವಸಾಹತಿನಲ್ಲಿರುವ ಅಕ್ಕನ ಮಗ ಫೋನಿನಲ್ಲಿ, “ಮಾವ, ಥ್ರೆಡ್ ಹಾಕೋ ಒಂದು ಟ್ಯಾಪ್ ತಂದು ತಿರುಗಿಸಿದ್ರೆ ಆಗ್ತಿತ್ತಲ್ಲ?” ಅಂದ. ನೆಟ್‌ವರ್ಕ್ ಸರಿಯಿಲ್ಲವೆಂದು ಇಟ್ಟುಬಿಟ್ಟೆ. ಈಗಿನ ಹುಡುಗರಿಗೆ ಸಮಯದ ಬೆಲೆ ಗೊತ್ತಿಲ್ಲ.

ರಿಂಗು ಕೂತಿತು. ಸೊಸೈಟಿ ಸೆಕ್ರೆಟರಿಯ ಭಾವಮೈದುನ ಸೂರತ್ತಿನ ವಜ್ರದ ದಲ್ಲಾಳಿ. ಜೇಬಿನಿಂದ ಲೂಪ್ ತೆಗೆದು ಕಣ್ಣಿಗಿಟ್ಟು ಒಂದೊಂದೇ ಸುತ್ತು ನೋಡಿದರು. ಗೇರು, ಹಿತ್ತಾಳೆ, ನನ್ನ ಕೂಲಿ ಎಲ್ಲ ಬಾಯಲ್ಲೇ ಕೂಡಿ, ರಿಂಗಿನ ಬೆಲೆ ಕ್ಯಾಮೆರಾಕ್ಕಿಂತ ಜಾಸ್ತಿ ಎಂದು ಘೋಷಿಸಿದರು. ಸೆಕ್ರೆಟರಿ ನನ್ನ ಮುಖ ನೋಡದೆ ಪುಸ್ತಕ ತೆರೆದು, ಅವಸರದಲ್ಲಿ ‘ದೇಣಿಗೆ’ ಎಂದು ಬರೆದುಕೊಂಡರು.