ಪಟ್ಟಿಯಣ್ಣ

ಬಳ್ಳಾರಿಯ ಕೌಲ್ ಬಜಾರಿನ ಯಾವ ಗಲ್ಲಿಗೆ ಹೋದರೂ ಒಬ್ಬ ಪಟ್ಟಿಯಣ್ಣ ಸಿಕ್ಕೇ ಸಿಗುತ್ತಾನೆ. ಒಬ್ಬ ಕನ್ನಡದಲ್ಲಿ ಕೊರೆಯಬಹುದು, ಇನ್ನೊಬ್ಬ ತೆಲುಗಿನಲ್ಲಿ, ಮತ್ತೊಬ್ಬ ಉರ್ದುವಿನಲ್ಲಿ. ಕೊರೆಯುವ ವಿಷಯ ಮಾತ್ರ ಒಂದೇ: ಗಾಡಿ ಕಾಯಬಾರದು. ಹೆಂಡತಿ ಕಿರಾಣಿ ಅಂಗಡಿ ಮುಂದೆ ಕಾಯಬಹುದು, ಮಾವ ಬಸ್‌ಸ್ಟ್ಯಾಂಡಿನಲ್ಲಿ ಕಾಯಬಹುದು, ಗಾಡಿ ಮಾತ್ರ ಕಾಯಕೂಡದು.

ಅವನನ್ನು ಗುರುತಿಸುವುದು ಸುಲಭ. ಗಾಡಿ ಸ್ಪ್ಲೆಂಡರ್, 97.2 ಸಿಸಿ, ಸುಮಾರು ಎಂಟು ಕುದುರೆಯ ಶಕ್ತಿ. ಎಂಜಿನ್ನಿನಿಂದ ಸೈಲೆನ್ಸರಿಗೆ ಬಾಗಿ ಬರುವ ಬೆಂಡ್ ಪೈಪಿಗೆ ಎರಡಿಂಚು ಅಗಲದ ಪಟ್ಟಿ ಸುತ್ತಿ, ಅಲ್ಲಲ್ಲಿ ಸ್ಟೀಲ್ ಕ್ಲಿಪ್ ಬಿಗಿದಿರುತ್ತಾನೆ. ಚಹಾ ಅಂಗಡಿ ಮುಂದೆ ಸ್ಟ್ಯಾಂಡ್ ಹಾಕಿದ ಕೂಡಲೇ ವಿಚಾರಣೆ ಶುರು.

“ಏನಣ್ಣ, ಎಲ್ಲಿ ಬಿದ್ದಿ?”

“ನಾನೆಲ್ಲಿ ಬಿದ್ದೀನಿ?”

“ನಿನ್ನಲ್ಲಪ, ಗಾಡೀನ ಕೇಳಿದ್ದು. ಕಾಲು ಮುರಕಂಡಂಗೈತಲ್ಲ!”

ಪಟ್ಟಿಯಣ್ಣನಿಗೆ ಬೇಕಾಗಿದ್ದೂ ಇದೇ ಪ್ರಶ್ನೆ. ಚಹಾ ಆರಿದರೂ ಅವನ ಪ್ರವಚನ ಆರುವುದಿಲ್ಲ. “ಇದು ಸಾದಾ ಬಟ್ಟಿ ಅಲ್ಲ, ಗಾಜಿನ ನಾರು. ಇದರಾಗೇ ಇನ್ನೊಂದು ಬರ್ತೈತಿ, ಕಲ್ಲು ಕರಗಿಸಿ ಎಳದಿದ್ದು, ಬಸಾಲ್ಟು. ರೇಸ್ ಕಾರಿನೋರು ಹಾಕ್ತಾರ.” ಕೇಳುತ್ತ ಕೂತ ಹಿರಿಯರೊಬ್ಬರು ಬಳ್ಳಾರಿ ಗುಡ್ಡದ ಕಡೆ ಕೈ ತೋರಿಸಿ, “ನಮ್ಮ ಕಲ್ಲು ಹಗಲೆಲ್ಲ ಕಾದು ರಾತ್ರಿಯೆಲ್ಲ ನಮ್ಮ ಮ್ಯಾಲೆ ಕಾವು ಬಿಡ್ತೈತಿ. ನಿನ್ನ ಕಲ್ಲು ಹೆಂಗಪ್ಪ ತಂಪು ಮಾಡ್ತೈತಿ?” ಎನ್ನುತ್ತಾರೆ. ಇಂಥ ಅಡ್ಡ ಪ್ರಶ್ನೆಗಳಿಗೆ ಉತ್ತರ ಕೊಡುವ ರೂಢಿ ಪಟ್ಟಿಯಣ್ಣನಿಗಿಲ್ಲ.

ರೇಸ್ ಕಾರಿನ ಮಾತು ಸುಳ್ಳೇನಲ್ಲ, ಅರ್ಧ ನಿಜ. ಅಲ್ಲಿ ಬಾನೆಟ್ ಕೆಳಗೆ ಎಂಜಿನ್, ಪೈಪು, ವೈರು ಎಲ್ಲ ಒತ್ತೊತ್ತಾಗಿ ಕೂತಿರುತ್ತವೆ. ಕಾವನ್ನು ಪೈಪಿನೊಳಗೇ ಹಿಡಿದಿಟ್ಟರೆ ಸುತ್ತಲಿನ ಗಾಳಿ ಕಾಯುವುದಿಲ್ಲ, ಎಂಜಿನ್ ಎಳೆದುಕೊಳ್ಳುವ ಗಾಳಿಯೂ ತಂಪಾಗಿರುತ್ತದೆ, ಬಿಸಿ ಹೊಗೆ ಬೇಗ ಹೊರಗೆ ಓಡುತ್ತದೆ. ಸ್ಪ್ಲೆಂಡರಿಗೆ ಬಾನೆಟ್ಟೇ ಇಲ್ಲ. ಪೈಪು ಊರ ಗಾಳಿಗೆಲ್ಲ ಮೈಯೊಡ್ಡಿಕೊಂಡು ಆರಾಮಾಗಿತ್ತು. ಅದಕ್ಕೆ ಇವನು ಸ್ವೆಟರ್ ಹಾಕಿದ.

ಅವನ ತರ್ಕದ ಬೇರು ಇರುವುದು ಅಜ್ಜಿಯ ಮನೆಯಲ್ಲಿ. ಬೇಸಿಗೆಯಲ್ಲಿ ನೀರಿನ ಗಡಿಗೆಗೆ ಗೋಣಿ ಸುತ್ತಿದರೆ ನೀರು ತಣ್ಣಗಾಗುತ್ತದೆ; ಹಾಗಾದರೆ ಪೈಪಿಗೆ ಪಟ್ಟಿ ಸುತ್ತಿದರೆ ಎಂಜಿನ್ ಯಾಕೆ ತಣ್ಣಗಾಗಬಾರದು? ಅಜ್ಜಿ ಆ ಗೋಣಿಗೆ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿದ್ದಳು, ಆ ನೀರು ಆರುವಾಗ ಗಡಿಗೆಯ ಕಾವನ್ನೂ ಹೊತ್ತೊಯ್ಯುತ್ತಿತ್ತು ಎಂಬ ಭಾಗವನ್ನು ಮೊಮ್ಮಗ ನೋಡಲೇ ಇಲ್ಲ. ಒಣಪಟ್ಟಿ ಏನನ್ನೂ ಹೊತ್ತೊಯ್ಯುವುದಿಲ್ಲ. ಒಳಗಿನ ಕಾವು ಒಳಗೇ ಇರಲಿ ಎಂದು ಬಾಗಿಲು ಹಾಕುತ್ತದೆ, ಅಷ್ಟೆ.

ಪಟ್ಟಿ ಸುತ್ತುವ ದಿನ ಗಲ್ಲಿಯಲ್ಲಿ ಸಣ್ಣ ಜಾತ್ರೆ. ಸುರುಳಿಯನ್ನು ಬಕೆಟ್ ನೀರಿನಲ್ಲಿ ನೆನೆಹಾಕಬೇಕು. ಒದ್ದೆಯಾದರೆ ಬಿಗಿ ಕೂರುತ್ತದೆ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕಾಲಿಂಚು ಏರಬೇಕು. ಕೌಲ್ ಬಜಾರ್ ಎಂದರೆ ಜೀನ್ಸ್ ಹೊಲಿಯುವವರ ಬೀಡು. ಬಟ್ಟೆಯ ಹೆಸರಿನಲ್ಲಿ ಏನೇ ನಡೆದರೂ ಸಲಹೆ ಕೊಡುವ ಹಕ್ಕು ಇಲ್ಲಿ ಪ್ರತಿ ಟೇಲರಿಗೂ ಇದೆ. ಒಬ್ಬ “ಎಳದು ಹಿಡಿಯಣ್ಣ, ನೆರಿಗಿ ಬೀಳಾಕತ್ತೈತಿ” ಎಂದರೆ, ಇನ್ನೊಬ್ಬ “ಬಿಚ್ಚಿಕೊಡು, ಎರಡು ಸೂಜಿ ಮಿಷನ್ನಾಗ ಡಬಲ್ ಹೊಲಿಗಿ ಹಾಕಿ ತರ್ತೀನಿ” ಎನ್ನುತ್ತಾನೆ. ಕೈಗವಸು ಹಾಕಿಕೊ ಎಂದು ಹೇಳುವವನು ಮಾತ್ರ ಒಬ್ಬನೂ ಇರುವುದಿಲ್ಲ. ಗಾಜಿನ ನಾರು ಚರ್ಮಕ್ಕೆ ಚುಚ್ಚಿದರೆ ಆ ರಾತ್ರಿ ನಿದ್ದೆಯಿಲ್ಲ. ಅದೇ ಬಕೆಟ್ಟಿನಲ್ಲಿ ಮರುದಿನ ಬಟ್ಟೆ ನೆನೆಹಾಕಿದ ತಪ್ಪಿಗೆ ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಾರೆ. “ಗಾಡಿ ತಂಪಾತು, ನಮ್ಮ ಮೈಗೆ ಬೆಂಕಿ ಬಿತ್ತು” ಎಂದು ಹೆಂಡತಿ ಬೈದರೆ, “ಎರಡು ದಿನ ತಡ್ಕ” ಎನ್ನುತ್ತಾನೆ.

ಹೊಸ ಪಟ್ಟಿ ಮೊದಲ ಸಲ ಕಾದಾಗ ಹೊಗೆ ಬಿಡುತ್ತದೆ. ಆ ಹೊಗೆ ಮನೆ ಮುಂದೆ ಬರುವುದಿಲ್ಲ, ಸರಿಯಾಗಿ ರೈಲ್ವೆ ಗೇಟ್ ಬಿದ್ದು ಊರೆಲ್ಲ ನಿಂತಿರುವಾಗ ಬರುತ್ತದೆ. “ಗಾಡಿ ಹತ್ತಿಕಂತು!” ಎಂದು ಯಾರೋ ಕೂಗುತ್ತಾರೆ, ಇನ್ಯಾರೋ ಬಿಸ್ಲೇರಿ ಬಾಟಲಿ ಬಿಚ್ಚುತ್ತಾರೆ. ಪಟ್ಟಿಯಣ್ಣ ಸೀಟಿನಿಂದ ಇಳಿಯದೆ ಕೈಯೆತ್ತಿ ಎಲ್ಲರನ್ನೂ ಸಮಾಧಾನ ಮಾಡುತ್ತಾನೆ. ಇಷ್ಟು ಹೊತ್ತೂ ಎಂಜಿನ್ ಬಂದ್ ಮಾಡಿರುವುದಿಲ್ಲ. ಗೂಡ್ಸ್ ರೈಲಿನ ಡಬ್ಬಿಗಳು ಒಂದೊಂದಾಗಿ ದಾಟುತ್ತಿರುತ್ತವೆ, ಗಾಳಿಯಾಡದೆ ನಿಂತ ಎಂಜಿನ್ ಕಾಯುತ್ತಿರುತ್ತದೆ, ತಂಪಿನ ಭಾಷಣ ಅದರ ಮೇಲೆಯೇ ಕೂತು ನಡೆಯುತ್ತಿರುತ್ತದೆ.

ಪರೀಕ್ಷೆಗೆಂದು ಅವನು ಕುರುಗೋಡಿಗೆ ಹೋಗುತ್ತಾನೆ. ದೊಡ್ಡಬಸವೇಶ್ವರನಿಗೆ ಕೈಮುಗಿದು ಬಂದು ಎಂಜಿನ್ನಿನ ಮೇಲೆ ಎರಡು ಹನಿ ನೀರು ಚಿಮುಕಿಸಿ, “ನೋಡು, ಚುಂಯ್ ಅನ್ನಲಿಲ್ಲ” ಎಂದು ಜೊತೆಗಿದ್ದವನಿಗೆ ಸಾಕ್ಷಿ ಹೇಳಿಸುತ್ತಾನೆ. ದಾರಿಯುದ್ದಕ್ಕೂ ಎಂಜಿನ್ನಿನ ಮೈಮೇಲಿನ ಲೋಹದ ರೆಕ್ಕೆಗಳ, ಅಂದರೆ ಫಿನ್ಸ್ ನಡುವೆ ಗಾಳಿ ನುಗ್ಗಿತ್ತು, ದೇವಸ್ಥಾನದಲ್ಲಿ ಗಾಡಿ ಅಷ್ಟು ಹೊತ್ತು ನಿಂತಿತ್ತು ಎಂಬುದು ಲೆಕ್ಕಕ್ಕಿಲ್ಲ. ತಂಪಾದ ಪುಣ್ಯವೆಲ್ಲ ಪಟ್ಟಿಯ ಖಾತೆಗೆ.

ಒಂದು ಉಪಕಾರ ಆಗಿರುವುದು ನಿಜ. ಪಟ್ಟಿ ಇರುವಷ್ಟು ಕಡೆ ಪೈಪಿನ ಝಳ ಬಲಗಾಲಿಗೆ ಮೊದಲಿನಷ್ಟು ಬಡಿಯುವುದಿಲ್ಲ. ಆದರೆ 42 ಡಿಗ್ರಿ ಬಿಸಿಲಿನಲ್ಲೂ ದಪ್ಪ ಡೆನಿಮ್ ಪ್ಯಾಂಟ್ ಬಿಡದ ಕಾಲಿಗೆ ಅದು ಗೊತ್ತಾಗುವುದಾದರೂ ಹೇಗೆ?

ಮೆಕ್ಯಾನಿಕ್ ಉಸ್ತಾದ್ ಗಾಡಿ ಕಂಡ ಕೂಡಲೇ ಪಟ್ಟಿಯ ಕಡೆ ನೋಡುವುದಿಲ್ಲ, ಬಗ್ಗಿ ಫಿನ್ಸ್ ನೋಡುತ್ತಾರೆ. ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳು ಎಣ್ಣೆಜಿಡ್ಡಿನ ಜೊತೆ ಸೇರಿ ಅಲ್ಲಿ ಗಾರೆಯಂತೆ ಗಟ್ಟಿಯಾಗಿರುತ್ತದೆ. ಆಯಿಲ್ ಕಡ್ಡಿ ಎಳೆದರೆ ತುದಿಯಲ್ಲಿ ಡಾಂಬರು. “ಭಾಯ್, ಸುಟ್ಟ ಪೆಟ್ರೋಲಿನ ಕಾವು ಮೂರು ಪಾಲು ಮಾಡಿದ್ರ ಹೆಚ್ಚುಕಮ್ಮಿ ಒಂದು ಪಾಲು ಹೊಗಿ ಜೊತಿಗೆ ಪೈಪಿನಾಗ ಹೋಗ್ತದ. ಇನ್ನೊಂದು ಪಾಲು ಈ ಫಿನ್ಸು, ಈ ಆಯಿಲ್ಲು ಹೊರಗ ಹಾಕಬೇಕು. ನೀ ಇದನ್ನ ಮುಚ್ಚಿ, ಅದಕ್ಕ ಪಟ್ಟಿ ಕಟ್ಟೀದಿ. ಬ್ರಷ್ ತಗಂಡು ಉಜ್ಜು, ಆಯಿಲ್ ಬದಲಿ ಮಾಡು, ಗೇಟಿನಾಗ ಬಂದ್ ಮಾಡು. ಸಾಕು.” ಇಷ್ಟು ಸಸ್ತಾ ಉಪಾಯವನ್ನು ಪಟ್ಟಿಯಣ್ಣ ನಂಬುವುದು ಸಾಧ್ಯವೇ? ಎದ್ದು ಹೋಗಿ ಭಾವಮೈದುನನ ಹೊಸ ಗಾಡಿಯ ಮೇಲೆ ಕಣ್ಣು ಹಾಕುತ್ತಾನೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಪೈಪಿನ ದಾರಿಯಲ್ಲೇ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಜೊತೆಗೆ ಆಕ್ಸಿಜನ್ ಸೆನ್ಸರೂ ಕೂತಿದೆ. ಅವಕ್ಕೂ ಪಟ್ಟಿ ಕಟ್ಟಿಯಾನು ಎಂದು ಹೆದರಿದ ಭಾವಮೈದುನ ಅಂದಿನಿಂದ ಬೀಗದ ಕೈಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ.

ಮಳೆಗಾಲ ಬರುತ್ತದೆ. ಪಟ್ಟಿ ನೀರು ಕುಡಿಯುತ್ತದೆ, ಕುಡಿದ ನೀರನ್ನು ಕಬ್ಬಿಣಕ್ಕೆ ಅಪ್ಪಿ ಹಿಡಿಯುತ್ತದೆ. ದೀಪಾವಳಿಗೆ ಗಾಡಿ ತೊಳೆದು ಪೂಜೆ ಮಾಡಲು ಪಟ್ಟಿ ಬಿಚ್ಚಿದರೆ ಪೈಪು ಅಪ್ಪಳಿಸಿದ ಹಪ್ಪಳದ ಹಾಗೆ ಪುಡಿಪುಡಿ. ಬೇರೆಯವರಾದರೆ ಪಟ್ಟಿಯನ್ನು ತಿಪ್ಪೆಗೆ ಎಸೆಯುತ್ತಿದ್ದರು. ಪಟ್ಟಿಯಣ್ಣ ಅದನ್ನು ಒಣಗಿಸಿ ಮಡಚಿ, “ಪಟ್ಟಿದೇನೂ ತಪ್ಪಿಲ್ಲ, ಪೈಪಿಗೆ ಪಟ್ಟಿ ಕಟ್ಟಿಸಿಕೊಳ್ಳೋ ಯೋಗ್ಯತಿ ಇರಲಿಲ್ಲ” ಎಂದು ತೀರ್ಪು ಕೊಟ್ಟು, ಪಟ್ಟಿಗೆ ಒಪ್ಪುವ ಸ್ಟೇನ್‌ಲೆಸ್ ಸ್ಟೀಲ್ ಪೈಪು ಮಾಡಿಸಲು ಉಸ್ತಾದರ ಅಂಗಡಿಗೆ ಬರುತ್ತಾನೆ.

ಉಸ್ತಾದ್ ಈ ಸಲ ಬುದ್ಧಿ ಹೇಳುವುದಿಲ್ಲ. ಕುರ್ಚಿ ಒರೆಸಿ ಕೂರಿಸಿ, ಹುಡುಗನನ್ನು ಒಗ್ಗರಣೆ ಮಿರ್ಚಿ ತರಲು ಕಳಿಸುತ್ತಾರೆ. ಅವನು ಅಡ್ವಾನ್ಸ್ ಕೊಟ್ಟು ಹೋದ ಮೇಲೆ ನಮ್ಮ ಕಡೆ ತಿರುಗಿ, “ನಗಬ್ಯಾಡ್ರಿ. ಊರಾಗ ಎಲ್ರೂ ಆಯಿಲ್ ಬದಲಿ ಮಾಡಿ ಫಿನ್ಸ್ ತೊಳಕಂಡು ಕುಂತ್ರ ನನ್ನ ಮನಿ ನಡಿಯೋದು ಹೆಂಗ?” ಎನ್ನುತ್ತಾರೆ.