ಮುರಿದುಕೊಳ್ಳುವ ಮಹನೀಯರಿಗೆ ನಮನ

ನವೆಂಬರ್ ಬಂತೆಂದರೆ ನಮ್ಮಲ್ಲಿ ಸಾಧಕರ ಪಟ್ಟಿ ಹೊರಬೀಳುತ್ತದೆ. ಜನಪದ ಕಲಾವಿದರು, ವೈದ್ಯರು, ಕ್ರೀಡಾಪಟುಗಳು, ಪತ್ರಕರ್ತರು, ಯಾರನ್ನೂ ಬಿಡುವುದಿಲ್ಲ. ಆದರೂ ಒಂದು ವರ್ಗಕ್ಕೆ ಮಾತ್ರ ವರ್ಷ ವರ್ಷವೂ ಅನ್ಯಾಯವಾಗುತ್ತಲೇ ಇದೆ. ಬಾಡಿಗೆ ಮನೆ ಖಾಲಿ ಮಾಡುವ ದಿನ ಅಡ್ವಾನ್ಸ್ ದುಡ್ಡಿನಲ್ಲಿ ಅದಕ್ಕಿಷ್ಟು ಇದಕ್ಕಿಷ್ಟು ಎಂದು ಮುರಿದುಕೊಂಡು, ಮಿಕ್ಕಿದ್ದನ್ನು ನಗುಮುಖದಿಂದ ಹಿಂದಿರುಗಿಸುವ ಬೆಂಗಳೂರಿನ ಮನೆ ಓನರ್‌ಗೆ ಇದುವರೆಗೆ ಯಾರೂ ಒಂದು ಶಾಲು ಹೊದಿಸಿಲ್ಲ, ಮೈಸೂರು ಪೇಟ ತೊಡಿಸಿಲ್ಲ, ಹಣ್ಣಿನ ಬುಟ್ಟಿ ಕೊಟ್ಟಿಲ್ಲ. ಕೊಟ್ಟರೆ ಬೇಡವೆನ್ನುವ ಜಾಯಮಾನ ಅವರದಲ್ಲ. ಆ ಕೊರತೆಯನ್ನು ಕೈಲಾದಮಟ್ಟಿಗೆ ತುಂಬಿಕೊಡುವುದಷ್ಟೇ ನನ್ನ ಉದ್ದೇಶ.

ಮೊದಲಿಗೆ ಅವರ ಮೇಲೆ ನಾಡು ಇಟ್ಟಿರುವ ನಂಬಿಕೆ ಎಷ್ಟೆಂದು ನೋಡಿ. ಬೇರೆ ಊರುಗಳಲ್ಲಿ ಎರಡು ಮೂರು ತಿಂಗಳ ಬಾಡಿಗೆಯನ್ನು ಠೇವಣಿಯಾಗಿ ಕೊಟ್ಟು ಕೀಲಿಕೈ ಪಡೆಯುತ್ತಾರೆ. ಬೆಂಗಳೂರಿನ ಸಂಪ್ರದಾಯ ಹತ್ತು ತಿಂಗಳು. ಈಚೆಗೆ ಕೆಲವರು ಐದಕ್ಕೋ ಆರಕ್ಕೋ ಇಳಿದಿದ್ದಾರೆ, ಕಾಲ ಕೆಟ್ಟಿದೆ. ಆದರೂ ಹಳೆಯ ಬಡಾವಣೆಗಳಲ್ಲಿ ಹತ್ತರ ಮರ್ಯಾದೆ ಇನ್ನೂ ಪೂರ್ತಿ ಅಳಿದಿಲ್ಲ. ಇಷ್ಟೊಂದು ದುಡ್ಡನ್ನು ಓನರ್ ಸುಮ್ಮನೆ ಇಟ್ಟುಕೊಳ್ಳುತ್ತಾರೆಂದು ತಿಳಿಯಬೇಡಿ. ಮೂವತ್ತು-ನಲವತ್ತರ ಸೈಟಿನಲ್ಲಿ ಬ್ಯಾಂಕ್ ಸಾಲದಿಂದ ಎದ್ದದ್ದು ಕೆಳಗಿನ ಮನೆ ಮಾತ್ರ. ಅದರ ಅಡ್ವಾನ್ಸಿನಿಂದ ಮೊದಲ ಮಹಡಿ, ಮೊದಲ ಮಹಡಿಯ ಅಡ್ವಾನ್ಸಿನಿಂದ ಎರಡನೆಯದು, ಅದರ ಮೇಲೆ ಶೀಟ್ ಹೊದಿಸಿದ ಒಂದು ಪೆಂಟ್‌ಹೌಸ್. ‘ನನ್ನ ದುಡ್ಡು ಎಲ್ಲಿದೆ?’ ಎಂದು ಕೇಳುವ ಬಾಡಿಗೆದಾರರು ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡಿದರೆ ಸಾಕು, ಕಾಣುತ್ತದೆ. ಅಷ್ಟು ಪಾರದರ್ಶಕ ವ್ಯವಹಾರ.

ಹಾಗಾಗಿಯೇ ಮನೆ ಬಿಡುತ್ತೇನೆಂದಾಗ ಬರುವ ಮೊದಲ ಉತ್ತರ, “ಹೊಸಬರು ಬರ್ಲಿ, ಅವ್ರ ಅಡ್ವಾನ್ಸ್ ಬಂದ ತಕ್ಷಣ ನಿಮ್ದು ಸೆಟ್ಲ್ ಮಾಡ್ಬಿಡ್ತೀನಿ.” ಹೊಸಬರನ್ನು ಹುಡುಕಿಕೊಡುವ ಅವಕಾಶವೂ ನಿಮಗೇ. ಭಾನುವಾರ ನೀವು ಹಾಸಿಗೆ ಮಡಿಚುವ ಮೊದಲೇ ಮನೆ ನೋಡಲು ಬರುವ ಅಪರಿಚಿತರಿಗೆ, “ನೀರಿಗೇನೂ ತೊಂದ್ರೆ ಇಲ್ಲ, ಓನರ್ ತುಂಬಾ ಒಳ್ಳೇವ್ರು” ಎಂದು ನೀವೇ ಹೇಳಬೇಕು. ಹೇಳುತ್ತೀರಿ ಕೂಡ. ನಿಮ್ಮ ದುಡ್ಡು ಅವರ ಜೇಬಿನ ಮೂಲಕವೇ ಬರಬೇಕಾಗಿರುವುದರಿಂದ ನಿಮ್ಮ ದನಿಯಲ್ಲಿ ಒಂದು ಪ್ರಾಮಾಣಿಕತೆ ತಾನಾಗಿ ಬಂದುಬಿಡುತ್ತದೆ.

ಕಾಲ ಎಲ್ಲ ಕಡೆಯೂ ಒಂದೇ ವೇಗದಲ್ಲಿ ಸಾಗುವುದಿಲ್ಲವೆಂದು ತೋರಿಸಲು ಐನ್‌ಸ್ಟೈನ್‌ಗೆ ಸಮೀಕರಣಗಳು ಬೇಕಾದವು. ಬೆಂಗಳೂರಿನ ಓನರ್‌ಗೆ ಒಂದು ಗೋಡೆ ಸಾಕು. ಮೂರು ವರ್ಷದಲ್ಲಿ ಗೋಡೆಗೆ ವಯಸ್ಸಾಗುತ್ತದೆ, ನಲ್ಲಿಗೆ ವಯಸ್ಸಾಗುತ್ತದೆ, ಕಿಟಕಿಯ ಸೊಳ್ಳೆ ಪರದೆಗೂ ವಯಸ್ಸಾಗುತ್ತದೆ. ಅದೇ ಮೂರು ವರ್ಷ ಅವರ ಬಳಿ ಇದ್ದ ನಿಮ್ಮ ಅಡ್ವಾನ್ಸ್‌ಗೆ ಮಾತ್ರ ಒಂದು ದಿನವೂ ಕಳೆದಿರುವುದಿಲ್ಲ. ತಿಂಗಳಿಗೆ 28,000 ಬಾಡಿಗೆಯ ಮನೆಗೆ 2,80,000 ಅಡ್ವಾನ್ಸ್ ಎಂದಿಟ್ಟುಕೊಳ್ಳಿ. ನೂರಕ್ಕೆ ಆರರ ಸಾಧಾರಣ ಬಡ್ಡಿಯಲ್ಲಿ ವರ್ಷಕ್ಕೆ 16,800, ಮೂರು ವರ್ಷಕ್ಕೆ 50,400. ಈ ಲೆಕ್ಕವನ್ನು ಯಾರಾದರೂ ಓನರ್ ಮುಂದೆ ಎತ್ತಿದರೆ ಅವರಿಗೆ ನಿಜಕ್ಕೂ ನೋವಾಗುತ್ತದೆ. ಮನೆಯವರ ಹಾಗೆ ನೋಡಿಕೊಂಡವರ ಹತ್ತಿರ ಬಡ್ಡಿಯ ಮಾತೇ?

ಬನಶಂಕರಿ ಕಡೆ ಪರಿಚಯದ ದಂಪತಿಯೊಬ್ಬರು ಮನೆ ಖಾಲಿ ಮಾಡುವ ದಿನ ಸಾಮಾನು ಎತ್ತಿಕೊಡಲು ಹೋಗಿದ್ದೆ. ಓನರ್ ಬಂದು ಪರಿಶೀಲಿಸುವುದನ್ನು ಕಣ್ಣಾರೆ ನೋಡುವ ಭಾಗ್ಯ ಸಿಕ್ಕಿತು. ನಿವೃತ್ತ ಜೀವ, ಬಿಳಿ ಪಂಚೆ, ಕೈಯಲ್ಲಿ ಹಗಲು ಹನ್ನೊಂದು ಗಂಟೆಗೂ ಟಾರ್ಚು. ಹಂಪಿಯಲ್ಲಿ ಉತ್ಖನನ ಮಾಡುವವರ ಶ್ರದ್ಧೆಯಿಂದ ಗೋಡೆಯ ಉದ್ದಕ್ಕೂ ಬೆಳಕನ್ನು ಓರೆಯಾಗಿ ಬಿಟ್ಟು, ಅಂಗೈ ಸವರಿ, ಒಂದು ಕಡೆ ನಿಂತರು.

“ಇದೇನಮ್ಮಾ ಇದು?”

“ಅದು ನಾವು ಬಂದಾಗ್ಲೇ ಇತ್ತಲ್ಲ ಅಂಕಲ್.”

“ಆಗ್ಲೇ ಇದ್ದಿದ್ರೆ ಆಗ್ಲೇ ನನ್ ಕಣ್ಣಿಗೆ ಬೀಳ್ತಿರ್ಲಿಲ್ವಾ?”

ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆಯ ಎಣ್ಣೆ ಹಾರಿದ ಗುರುತು ಕಂಡು ಅವರು ಮಾತೇ ಆಡಲಿಲ್ಲ, ಬರೀ ನಿಟ್ಟುಸಿರು ಬಿಟ್ಟರು. ಅಡುಗೆಮನೆಯಲ್ಲಿ ಅಡುಗೆ ಮಾಡಿದ್ದಾರೆ ಎಂಬ ಸಂಗತಿ ಅವರಿಗೆ ಆವತ್ತೇ ಗೊತ್ತಾದಂತಿತ್ತು. ಬಚ್ಚಲಿನ ನಲ್ಲಿಯ ಬಾಯಿಗೆ ಬಿಳಿ ಉಪ್ಪು ಕಟ್ಟಿತ್ತು. ಬೋರ್‌ವೆಲ್ ಕೊರೆಸಿದವರು ಅವರೇ, ಆ ಗಡಸು ನೀರು ಬಿಟ್ಟವರೂ ಅವರೇ, ಆದರೆ ನಲ್ಲಿ ತಿರುಗಿಸಿದವರು ಬಾಡಿಗೆದಾರರು ತಾನೆ!

ಪರಿಶೀಲನೆ ಮುಗಿದ ಮೇಲೆ ಗೋಡೆಗೆ ನೇತುಹಾಕಿದ್ದ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಹಿಂಬದಿಯಲ್ಲಿ ಲೆಕ್ಕ ಬರೆದರು. ದುಂಡಗಿನ ಅಕ್ಷರ, ಹಳೇ ಕಾಲದ ಕಚೇರಿಯ ಶಿಸ್ತು. ಪೇಂಟಿಂಗ್ 28,000. ಡೀಪ್ ಕ್ಲೀನಿಂಗ್ 5,000. ಮೊಳೆ ಒಂಬತ್ತು, ಒಂದಕ್ಕೆ 200ರಂತೆ 1,800. ನಲ್ಲಿ 1,200. ಸೊಳ್ಳೆ ಪರದೆ 1,500. ಇತರೆ 2,000. ಒಟ್ಟು 39,500. ಕೊಡಬೇಕಾದದ್ದು 2,40,500. ಅಲ್ಲಿಗೆ ಪೆನ್ನು ಒಂದು ಕ್ಷಣ ತಡೆದು, “ಚಿಲ್ರೆ ಯಾಕೆ, ರೌಂಡ್ ಮಾಡ್ಬಿಡೋಣ” ಎಂದು 2,40,000 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಈ ಚೀಟಿಯ ಒಂದೊಂದು ಸಾಲಿನ ಮೇಲೂ ಪ್ರಬಂಧ ಬರೆಯಬಹುದು. ಹತ್ತು ರೂಪಾಯಿಗೆ ಮುಷ್ಟಿ ತುಂಬ ಸಿಗುತ್ತಿದ್ದ ಮೊಳೆ ಗೋಡೆಗೆ ಹೊಕ್ಕ ಕೂಡಲೇ ತಲಾ 200 ರೂಪಾಯಿ ಬಾಳುವುದು ಸಾಮಾನ್ಯ ಬೆಳವಣಿಗೆಯಲ್ಲ. ಒಂಬತ್ತರಲ್ಲಿ ನಾಲ್ಕು ಮೊಳೆ ಹಿಂದಿನ ಬಾಡಿಗೆದಾರರದು, ಅವರೂ ಅದಕ್ಕೆ ದುಡ್ಡು ಕೊಟ್ಟೇ ಹೋದವರು ಎಂದು ಆ ಹೆಣ್ಣುಮಗಳು ಆಮೇಲೆ ಹೇಳಿದರು. ‘ಇತರೆ’ ಎಂಬುದರ ಬಗ್ಗೆ ನನಗೆ ವಿಶೇಷ ಗೌರವ. ಕಣ್ಣಿಗೆ ಕಂಡದ್ದಕ್ಕೆ ದುಡ್ಡು ಹಿಡಿಯುವುದು ಯಾರಿಗೂ ಬರುತ್ತದೆ. ಇನ್ನೂ ಏನೇನು ಹಾಳಾಗಿರಬಹುದೆಂಬ ಕಲ್ಪನೆಗೂ ಒಂದು ಬೆಲೆ ಕಟ್ಟಲು ಪ್ರತಿಭೆ ಬೇಕು.

ಆದರೆ ಇವೆಲ್ಲ ಉಪಕಥೆಗಳು. ಮಹಾಕಾವ್ಯವೇನಿದ್ದರೂ ಪೇಂಟಿಂಗ್. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ ಮುರಿದುಕೊಳ್ಳತಕ್ಕದ್ದು ಎಂದು ಕರಾರುಪತ್ರದಲ್ಲೇ ಅಚ್ಚಾಗಿರುತ್ತದೆ. ನೀವು ಹನ್ನೊಂದು ತಿಂಗಳಿದ್ದರೂ ಅಷ್ಟೆ, ಹನ್ನೊಂದು ವರ್ಷವಿದ್ದರೂ ಅಷ್ಟೆ. ಗೋಡೆಯನ್ನು ಮುಟ್ಟದೆ ಮನೆಯ ನಡುವೆ ಪದ್ಮಾಸನ ಹಾಕಿ ಕುಳಿತಿದ್ದರೂ ಅಷ್ಟೆ. ಬಾಡಿಗೆ ಹೆಚ್ಚಿದಂತೆ ಬಣ್ಣದ ಬೆಲೆಯೂ ಹೆಚ್ಚುತ್ತದೆ, ಗೋಡೆಯ ಚದರಡಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆ ಸಂಗ್ರಹವಾದ ಬಣ್ಣದ ದುಡ್ಡಿನಿಂದ ಬಣ್ಣ ಹೊಡೆಸಿಬಿಡುವ ದುಡುಕು ಎಷ್ಟೋ ಓನರ್‌ಗಳಲ್ಲಿ ಇಲ್ಲ. ಗೃಹಪ್ರವೇಶದಂದು ಬಳಿದ ಡಿಸ್ಟೆಂಪರನ್ನೇ ಬಂದ ಬಾಡಿಗೆದಾರರೆಲ್ಲ ಸರದಿಯಂತೆ ಪೂರ್ತಿ ಬೆಲೆ ತೆತ್ತು ಕೊಂಡಿರುತ್ತಾರೆ, ಒಬ್ಬರೂ ಮನೆಗೆ ಒಯ್ದಿರುವುದಿಲ್ಲ.

ಕಾನೂನು ಏನನ್ನುತ್ತದೆ ಎಂದು ಕೇಳುವ ಕುತೂಹಲಿಗಳು ಇದ್ದೇ ಇರುತ್ತಾರೆ. ಬಹಳ ಮುದ್ದಾಗಿ ಹೇಳುತ್ತದೆ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ಸಹಜ ಬಳಕೆಯಿಂದ ಆದ ಸವೆತ ಅವನ ಲೆಕ್ಕಕ್ಕಿಲ್ಲ. ಬ್ರಿಟಿಷರ ಕಾಲದ ಆ ವಾಕ್ಯವನ್ನು ನಮ್ಮ ಓನರ್‌ಗಳು ದೇಶಾಭಿಮಾನದ ಕಾರಣಕ್ಕೆ ಓದಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಸಬ್ ರಿಜಿಸ್ಟ್ರಾರ್ ಅವರಿಗೆ ತೊಂದರೆ ಕೊಡುವುದು ಬೇಡವೆಂದು ನಗರವೇ ಹನ್ನೊಂದು ತಿಂಗಳಿಗೆ ನಿಂತುಬಿಟ್ಟಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಂತೂ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟೇ ಹುಟ್ಟಿತು. ಈಗ ಆ ಬಾಡಿಗೆಗೆ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂದಿತು. ಅದು ಮಾದರಿ, ರಾಜ್ಯಗಳು ತಮ್ಮದಾಗಿಸಿಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ‘ಟು ಲೆಟ್’ ಬೋರ್ಡ್ ಬರೆಯುವವರಿಗೆ ಆ ಸುದ್ದಿ ಮುಟ್ಟಿದಂತಿಲ್ಲ.

ಇರಲಿ, ದಾವೆ ಹೂಡಬಹುದಲ್ಲ? ಹೂಡಬಹುದು, ಮೂರು ವರ್ಷ ಅವಕಾಶವಿದೆ. ಓನರ್‌ಗಳ ನಿಜವಾದ ಮೇಧಾಶಕ್ತಿ ಇರುವುದು ಇಲ್ಲೇ, ಜನ ಇದನ್ನು ಗಮನಿಸಿದ್ದು ಕಡಿಮೆ. ಅವರು ಮುರಿದುಕೊಳ್ಳುವ ಮೊತ್ತ ಗೋಡೆಯನ್ನು ನೋಡಿ ನಿಗದಿಯಾಗುವುದಲ್ಲ, ನಿಮ್ಮನ್ನು ನೋಡಿ ನಿಗದಿಯಾಗುವುದು. ವಕೀಲರ ಫೀಸು, ಕೋರ್ಟ್ ಶುಲ್ಕ, ವಾಯಿದೆಗೊಂದು ರಜೆ, ಇವೆಲ್ಲ ಸೇರಿ ಎಷ್ಟಾಗುತ್ತದೋ ಅದಕ್ಕಿಂತ ಸ್ವಲ್ಪ ಕೆಳಗೆ ಬಂದು ಚೀಟಿ ನಿಲ್ಲುತ್ತದೆ. ಸಮಯಪ್ರಜ್ಞೆಯೂ ಅಷ್ಟೇ ಸೂಕ್ಷ್ಮ. ಹಿಂದಿನ ವಾರ ಬಂದು ನೋಡಿ ಎಂದರೆ ಅವರಿಗೆ ಮದುವೆ, ನಾಮಕರಣ, ಮಂಡಿನೋವು. ಗೇಟಿನ ಮುಂದೆ ಲಾರಿ ನಿಂತು, ಫ್ರಿಜ್ ಹೊತ್ತವರು ಮೆಟ್ಟಿಲ ನಡುವೆ ಇದ್ದು, ಹೊಸ ಮನೆಯವರು ಸಂಜೆಯೊಳಗೆ ಅಡ್ವಾನ್ಸ್ ಬಾಕಿ ಕೊಡಿ ಎಂದು ಎರಡನೇ ಸಲ ಫೋನ್ ಮಾಡಿದ ಆ ಗಳಿಗೆಯಲ್ಲೇ ಟಾರ್ಚು ಪ್ರತ್ಯಕ್ಷವಾಗುತ್ತದೆ. ಆ ಹೊತ್ತಿನಲ್ಲಿ ಹರಿಶ್ಚಂದ್ರನಾದರೂ, “ಆಯ್ತು ಬಿಡಿ ಅಂಕಲ್, ಎಷ್ಟಾಗುತ್ತೋ ಹಿಡ್ಕೊಳ್ಳಿ” ಎನ್ನುತ್ತಿದ್ದ.

ಕೆಲವು ಬಾಡಿಗೆದಾರರು ಈಚೆಗೆ ಈ ಕಲೆಗೆ ಅಪಚಾರ ಎಸಗುತ್ತಿದ್ದಾರೆಂಬ ದೂರುಗಳಿವೆ. ಮನೆಗೆ ಕಾಲಿಟ್ಟ ದಿನವೇ ಮೂಲೆಮೂಲೆಯ ವಿಡಿಯೊ ಮಾಡಿ ಓನರ್‌ಗೆ ವಾಟ್ಸಾಪ್ ಕಳಿಸುತ್ತಾರಂತೆ. ಇನ್ನು ಕೆಲವರು ಕೊನೆಯ ಮೂರು ತಿಂಗಳು ಬಾಡಿಗೆಯನ್ನೇ ಕೊಡದೆ, “ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಸರ್” ಎಂದು, ಅವರದೇ ಕ್ರಿಯಾಪದವನ್ನು ಅವರ ಮೇಲೇ ಪ್ರಯೋಗಿಸುತ್ತಾರಂತೆ. ನಂಬಿಕೆ ಎಂಬುದೇ ಉಳಿದಿಲ್ಲ ಎಂದು ಓನರ್‌ಗಳು ಹಲುಬುವುದರಲ್ಲಿ ಆಶ್ಚರ್ಯವೇನಿದೆ? ಮನೆಯನ್ನು ನಿಜಕ್ಕೂ ಹಾಳುಗೆಡವಿ, ಕಮೋಡ್ ಒಡೆದು, ಕರೆಂಟ್ ಬಿಲ್ ಬಾಕಿ ಇಟ್ಟು ಮಾಯವಾಗುವವರೂ ಇದ್ದಾರೆ, ಸುಳ್ಳಲ್ಲ. ಅವರನ್ನು ಓನರ್‌ಗಳು ಮನಸಾರೆ ಶಪಿಸುತ್ತಾರೆ, ಒಳಗೊಳಗೆ ಋಣಿಯೂ ಆಗಿರುತ್ತಾರೆ. ಅಂಥ ಒಬ್ಬ ಮಹಾನುಭಾವನ ಹೆಸರು ಹೇಳಿಕೊಂಡು ಮುಂದಿನ ಎಷ್ಟೋ ಸಭ್ಯರಿಂದ ಮುರಿದುಕೊಳ್ಳಬಹುದು.

ಬನಶಂಕರಿಯ ಮನೆಯ ಒಂದು ಸಂಗತಿಯನ್ನು ಬೇಕೆಂದೇ ಉಳಿಸಿಕೊಂಡಿದ್ದೆ. ಚೀಟಿ ಡೀಪ್ ಕ್ಲೀನಿಂಗ್‌ವರೆಗೆ ಬಂದಾಗ ಓನರ್‌ಗೆ ಮಗನ ಫೋನ್ ಬಂತು. ಲಂಡನ್ನಿನಲ್ಲಿ ಸಾಫ್ಟ್‌ವೇರ್ ಕೆಲಸ, ಅವನೂ ಮನೆ ಬದಲಾಯಿಸುತ್ತಿದ್ದನಂತೆ. ಆ ದೇಶದ ಓನರ್‌ಗಳ ಪಾಡು ಕೇಳಿದರೆ ಕಣ್ಣೀರು ಬರುತ್ತದೆ. ಸಾಧಾರಣ ಮನೆಗೆ ಐದು ವಾರದ ಬಾಡಿಗೆ ಮೀರಿ ಠೇವಣಿ ಕೇಳುವಂತಿಲ್ಲ. ತೆಗೆದುಕೊಂಡದ್ದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದಕ್ಕೆ ಒಳಪಡಿಸಬೇಕು, ತಪ್ಪಿದರೆ ಮೂರು ಪಟ್ಟಿನವರೆಗೆ ದಂಡ. ಠೇವಣಿ ರಕ್ಷಣೆಯ ಈ ಕಟ್ಟು 2007ರಿಂದಲೂ ಇದೆ. ಏನಾದರೂ ಮುರಿದುಕೊಳ್ಳಬೇಕೆಂದರೆ ಹಾಳಾದದ್ದನ್ನು ಓನರೇ ರುಜುವಾತು ಮಾಡಬೇಕು, ‘ಆಗ್ಲೇ ನನ್ ಕಣ್ಣಿಗೆ ಬೀಳ್ತಿರ್ಲಿಲ್ವಾ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಅಷ್ಟಿದ್ದೂ ಆ ಮಗನ ಓನರ್ ಧೈರ್ಯ ಮಾಡಿ, ಕಾರ್ಪೆಟ್ ಸವೆದಿದೆ ಎಂದು ಒಂದಿಷ್ಟು ಪೌಂಡ್ ಹಿಡಿಯಲು ನೋಡಿದ್ದ.

ನಮ್ಮ ಓನರ್ ಸ್ಪೀಕರ್ ಹಾಕಿಕೊಂಡೇ ಕೆಂಡವಾದರು. “ಮೂರು ವರ್ಷ ಮನುಷ್ಯರು ಓಡಾಡಿದ್ಮೇಲೆ ಕಾರ್ಪೆಟ್ ಸವೀದೇ ಇರತ್ತೇನೋ? ಓಡಾಡಕ್ ತಾನೆ ಬಾಡಿಗೆ ಕೊಡ್ತಿದ್ದಿದ್ದು? ಅದಕ್ಕೂ ದುಡ್ಡು ಕೇಳ್ತಾನೆ ಅಂದ್ರೆ ಅವ್ನು ಎಂಥ ಮನುಷ್ಯ! ಒಂದು ಪೈಸೆ ಬಿಡ್ಬೇಡ, ಕಂಪ್ಲೇಂಟ್ ಕೊಡು.” ಮಗ ಅದಾಗಲೇ ಕೊಟ್ಟಾಗಿದೆ ಎಂದ. “ಭೇಷ್!” ಎಂದು ಫೋನಿಟ್ಟರು. ನಮ್ಮ ಕಡೆ ತಿರುಗಿ, ಎಲ್ಲ ಕಡೆಯೂ ಹೀಗೇ ಆಗಿಹೋಗಿದೆ ನೋಡಿ ಎಂಬಂತೆ ತಲೆಯಾಡಿಸಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಚೀಟಿಯ ಮೇಲೆ ಬಾಗಿದರು.

“ಎಲ್ಲಿಗೆ ಬಂದಿದ್ವಿ? ಹಾಂ, ಮೊಳೆ. ಒಂಬತ್ತಲ್ವಾ?”