ಸ್ವಲ್ಪಧನಪ್ರೇಷಣ ಶುಲ್ಕಮೀಮಾಂಸೆ

ಮುನ್ನೂರು ರೂಪಾಯಿ ಕಳಿಸಲು ಮುನ್ನೂರ ಎಪ್ಪತ್ತೈದು ರೂಪಾಯಿ ಶುಲ್ಕ ತೆರುವುದು ಮೇಲ್ನೋಟಕ್ಕೆ ದಡ್ಡತನವೆಂದು ಕಂಡರೂ ತಾತ್ವಿಕವಾಗಿ ಅದು ಮನುಕುಲದ ವಿಮೋಚನೆಯ ಒಂದು ಹಂತವೆಂದು ಸಾಧಿಸಿ ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ವಿದ್ಯಮಾನವನ್ನು ಇಲ್ಲಿಂದಾಚೆಗೆ ‘ಸ್ವಲ್ಪಧನಪ್ರೇಷಣಶುಲ್ಕಾಧಿಕ್ಯ’ ಎಂದು ಕರೆಯಲಾಗುವುದು. ಹೆಸರು ಉದ್ದವಾಯಿತೆಂದು ಓದುಗರು ಮುಖ ಸಿಂಡರಿಸಬಾರದು. ಈ ಶಾಸ್ತ್ರದಲ್ಲಿ ಉದ್ದ ಹೆಚ್ಚಿದಷ್ಟೂ ಶುಲ್ಕ ಹೆಚ್ಚು, ಶುಲ್ಕ ಹೆಚ್ಚಿದಷ್ಟೂ ಘನತೆ ಹೆಚ್ಚು, ಘನತೆ ಹೆಚ್ಚಿದಷ್ಟೂ ಪ್ರಶ್ನೆ ಕೇಳುವವರು ಕಡಿಮೆ. ಇದನ್ನು ಪ್ರಥಮ ಸೂತ್ರವೆಂದು ತಿಳಿಯತಕ್ಕದ್ದು.

1. ಅಧ್ಯಯನದ ವ್ಯಾಪ್ತಿ ಮತ್ತು ಮಿತಿ

ಬಿಟ್‌ಕಾಯಿನ್ ಈ ಅಧ್ಯಯನದ ಪ್ರಧಾನ ಆಕರ. ಇಥೀರಿಯಂ ಉಪ ಆಕರ. ಉಳಿದ ಸಾವಿರಾರು ಕ್ರಿಪ್ಟೋ ನಾಣ್ಯಗಳನ್ನು ಅವುಗಳ ಭಕ್ತರ ಬಾಯಿಗೆ ಹೆದರಿ ಕೈಬಿಡಲಾಗಿದೆ. ಸಂಶೋಧಕನು ಎಂಜಿನಿಯರ್ ಅಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಅವನ ಅರ್ಹತೆಯೆಲ್ಲ ಕ್ಷೇತ್ರಕಾರ್ಯದಿಂದ ಬಂದದ್ದು. ಬೆಂಗಳೂರಿನ ಹೋಟೆಲು ಸಭಾಂಗಣಗಳಲ್ಲಿ ಕೊರಳಿಗೆ ಬ್ಯಾಡ್ಜ್ ನೇತುಹಾಕಿಕೊಂಡು, ಎಸಿಯ ಚಳಿಗೆ ಮುದುಡಿ ಕೂತು, ವೇದಿಕೆಯ ಮೇಲಿನ ಟೀ ಶರ್ಟಿನ ಮಹನೀಯರು ‘ಡಿಸೆಂಟ್ರಲೈಸ್ಡ್’, ‘ಟ್ರಸ್ಟ್‌ಲೆಸ್’, ‘ಪರ್ಮಿಷನ್‌ಲೆಸ್’ ಎಂಬ ತ್ರಿರತ್ನಗಳನ್ನು ಉಚ್ಚರಿಸಿದಾಗಲೆಲ್ಲ ಅವನು ತಲೆಯಾಡಿಸಿದ್ದಾನೆ. ಒಮ್ಮೆ, ‘ಚಿಲ್ಲರೆ ದುಡ್ಡು ಕಳಿಸೋಕೆ ಫೀಸ್ ಎಷ್ಟಾಗುತ್ತೆ ಸಾರ್?’ ಎಂದು ಕೇಳಿದ್ದಕ್ಕೆ, ‘ನೀವಿನ್ನೂ ಫಿಯಟ್ ಮೈಂಡ್‌ಸೆಟ್‌ನಲ್ಲೇ ಇದೀರ’ ಎಂಬ ಉತ್ತರ ದೊರೆಯಿತು. ಆ ಸರ್ಕಾರಿ ನೋಟಿನ ಮೈಂಡ್‌ಸೆಟ್ಟಿನಿಂದ ಹೊರಬರುವ ಯತ್ನವೇ ಈ ಪ್ರಬಂಧ.

2. ಪೂರ್ವಸಾಹಿತ್ಯ ಸಮೀಕ್ಷೆ

ಈ ದರ್ಶನದ ಮೂಲಗ್ರಂಥ 2008ರ ಅಕ್ಟೋಬರ್ 31ರಂದು ಹೊರಬಂದ ಒಂಬತ್ತು ಪುಟಗಳ ಲೇಖನ. ಕರ್ತೃವಿನ ಹೆಸರು ಸತೋಶಿ ನಕಾಮೊಟೊ ಎಂದಿದೆ. ಆತ ಯಾರು, ಒಬ್ಬನೋ ಹಲವರೋ, ಲೋಕಕ್ಕೆ ತಿಳಿಯದು. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಗ್ರಂಥ ಹೆಚ್ಚುಕಮ್ಮಿ ಅಪೌರುಷೇಯ, ಆದ್ದರಿಂದ ಪ್ರಶ್ನಾತೀತ.

ಆ ಗ್ರಂಥ ಮೊದಲ ಪುಟದಲ್ಲೇ ಏನು ಹೇಳುತ್ತದೆ? ನಡುವೆ ಕೂತ ಬ್ಯಾಂಕುಗಳು ವ್ಯಾಜ್ಯ ಬಗೆಹರಿಸುವ ಖರ್ಚನ್ನೂ ಹೊರಬೇಕು. ಅದರಿಂದ ಪ್ರತಿ ವ್ಯವಹಾರದ ವೆಚ್ಚ ಏರುತ್ತದೆ. ಹಾಗಾಗಿ ತೀರಾ ಕಡಿಮೆ ಹಣ ಕಳಿಸುವುದು ಗಿಟ್ಟುವುದಿಲ್ಲ. ಸಣ್ಣಪುಟ್ಟ ಕೊಡುಕೊಳ್ಳುವಿಕೆಯ ದಾರಿಯೇ ಮುಚ್ಚಿಹೋಗುತ್ತದೆ ಎಂದು ಅಳಲು ತೋಡಿಕೊಳ್ಳುತ್ತದೆ. ಅಂದರೆ ಇಡೀ ದರ್ಶನ ಹುಟ್ಟಿದ್ದೇ ಚಿಲ್ಲರೆ ಕಾಸಿನ ಮೇಲಿನ ಕನಿಕರದಿಂದ.

ಭಾಷ್ಯಕಾರರು ಇದನ್ನು ನಿಭಾಯಿಸಿದ ಬಗೆ ನೋಡಿ. ವಿಡಿಯೊ ಗೇಮ್ ಮಾರುವ ಸ್ಟೀಮ್ 2016ರಲ್ಲಿ ಬಿಟ್‌ಕಾಯಿನ್ ತೆಗೆದುಕೊಳ್ಳಲು ಶುರುಮಾಡಿದಾಗ ಒಂದು ವ್ಯವಹಾರದ ಶುಲ್ಕ ಸುಮಾರು 20 ಸೆಂಟ್ ಇತ್ತು. 2017ರ ಡಿಸೆಂಬರ್ 6ರಂದು ಬೇಡವೆಂದು ನಿಲ್ಲಿಸುವಾಗ 20 ಡಾಲರಿನ ಹತ್ತಿರ ಬಂದಿತ್ತು. ಎಷ್ಟೋ ಗೇಮ್‌ಗಳ ಬೆಲೆಯೇ ಅಷ್ಟಿಲ್ಲ. ಕ್ರಿಸ್‌ಮಸ್ಸಿಗೆ ಮೊದಲೇ ಸರಾಸರಿ ಶುಲ್ಕ 50 ಡಾಲರ್ ದಾಟಿತು. ಆಗ ಭಾಷ್ಯಕಾರರು ಬಿಟ್‌ಕಾಯಿನ್ ಇರುವುದು ಖರ್ಚಿಗಲ್ಲ, ಕೂಡಿಡುವುದಕ್ಕೆ, ಅದು ಡಿಜಿಟಲ್ ಚಿನ್ನ ಎಂದು ಸಾರಿದರು. ಮೂಲಗ್ರಂಥದ ಮೊದಲ ಪುಟ ಬರಿಯ ಅರ್ಥವಾದ, ಅಂದರೆ ಹೊಗಳಿಕೆಯ ಮಾತು, ಪಾಲಿಸಬೇಕಾದ ವಿಧಿಯಲ್ಲ ಎಂದಾಯಿತು. ಮೀಮಾಂಸಾಸೂತ್ರಕಾರ ಜೈಮಿನಿಯ ಶಿಷ್ಯಪರಂಪರೆಯಲ್ಲೂ ಯಾರೂ ಇಷ್ಟು ಸಲೀಸಾಗಿ ಶ್ರುತಿಯನ್ನು ದಾಟಿಕೊಂಡಿರಲಾರರು.

3. ಪ್ರಮಾಣ ವಿಚಾರ

ಶುಲ್ಕವನ್ನು ಯಾವುದರಿಂದ ಅಳೆಯಬೇಕು? ‘ಕಳಿಸುವ ಹಣದಿಂದ’ ಎನ್ನುತ್ತಾರೆ ಲೌಕಿಕರು. ಅದು ಅವಿದ್ಯೆ. ಅಳೆಯುವುದು ವ್ಯವಹಾರದ ದತ್ತಾಂಶ ಎಷ್ಟು ಜಾಗ ತಿನ್ನುತ್ತದೆ ಎಂಬುದರಿಂದ, ಒಂದು ವರ್ಚುವಲ್ ಬೈಟ್‌ಗೆ ಇಷ್ಟು ಸತೋಶಿ ಎಂದು. ಒಂದು ಬಿಟ್‌ಕಾಯಿನ್ ಅಂದರೆ 10 ಕೋಟಿ ಸತೋಶಿ. ಕೆಎಸ್ಸಾರ್ಟಿಸಿ ಕಂಡಕ್ಟರ್ ಲಗೇಜಿಗೆ ಟಿಕೆಟ್ ಹರಿಯುವಾಗ ಮೂಟೆಯೊಳಗೆ ರೇಷ್ಮೆ ಇದೆಯೋ ತೌಡು ಇದೆಯೋ ಬಿಚ್ಚಿ ನೋಡುವುದಿಲ್ಲವಲ್ಲ, ಹಾಗೆ. ಕೋಟಿ ಕಳಿಸುವವನಿಗೂ ಕಾಫಿ ಕಾಸು ಕಳಿಸುವವನಿಗೂ ಒಂದೇ ದರ. ಇದಕ್ಕೆ ಸಮಾನತೆ ಎಂದು ಹೆಸರು.

ಲೆಕ್ಕ ಹಾಕೋಣ. ಬಿಟ್‌ಕಾಯಿನ್ ಬೆಲೆ 50 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಒಂದು ಸತೋಶಿಗೆ 5 ಪೈಸೆ. ಸೆಗ್‌ವಿಟ್ ಎಂಬ ಹೊಸ ಮಾದರಿಯ ಸಾಧಾರಣ ವ್ಯವಹಾರವೊಂದು ಸುಮಾರು 141 ವರ್ಚುವಲ್ ಬೈಟ್ ತೂಗುತ್ತದೆ. ಬೈಟ್‌ಗೆ 10 ಸತೋಶಿ ದರವಿದ್ದರೆ 70 ರೂಪಾಯಿ ಚಿಲ್ಲರೆ. ಜಾಲ ಕಿಕ್ಕಿರಿದು ದರ 100ಕ್ಕೆ ಏರಿದರೆ 705 ರೂಪಾಯಿ. ಇದು ಅದೃಷ್ಟವಂತರ ಪಾಡು. ಮೂವತ್ತು ಮೂವತ್ತು ರೂಪಾಯಿಯಂತೆ ಹತ್ತು ಸಲ ಬಂದ ಹಣವನ್ನು ಕೂಡಿಸಿ ಮುನ್ನೂರು ಮಾಡಿ ಕಳಿಸುತ್ತೇನೆ ಎನ್ನುವವನ ಕಥೆ ಬೇರೆ. ಬಿಟ್‌ಕಾಯಿನ್ ಲೆಕ್ಕದಲ್ಲಿ ಹಣ ಒಂದೇ ಮೊತ್ತವಾಗಿ ಕೂತಿರುವುದಿಲ್ಲ, ಬಂದ ಬಂದ ತುಣುಕುಗಳಾಗಿಯೇ ಇರುತ್ತದೆ. ಖರ್ಚು ಮಾಡುವಾಗ ಪ್ರತಿ ತುಣುಕಿಗೂ ಸುಮಾರು 68 ಬೈಟ್ ಹಿಡಿಯುತ್ತದೆ. ಹತ್ತು ತುಣುಕಿನ ವ್ಯವಹಾರ ಹತ್ತಿರಹತ್ತಿರ 750 ಬೈಟ್. ಬೈಟ್‌ಗೆ ಹತ್ತರಂತೆ 7,500 ಸತೋಶಿ. ಅಂದರೆ 375 ರೂಪಾಯಿ. ಅವನ ಹತ್ತಿರ ಇರುವುದೇ ಮುನ್ನೂರು. ಶುಲ್ಕ ಕಟ್ಟಲು ಹನ್ನೊಂದನೆಯ ತುಣುಕೊಂದನ್ನು ಹೊಂದಿಸಬೇಕು. ಆ ತುಣುಕಿಗೂ 68 ಬೈಟ್.

ಇನ್ನೂ ಸಣ್ಣವರಿಗೆ ಈ ಚಿಂತೆಯಿಲ್ಲ. ಹಳೆಯ ಮಾದರಿಯ ವಿಳಾಸಕ್ಕೆ 546 ಸತೋಶಿಗಿಂತ, ಸೆಗ್‌ವಿಟ್ ವಿಳಾಸಕ್ಕೆ 294 ಸತೋಶಿಗಿಂತ ಕಡಿಮೆ ಕಳಿಸಲು ಹೋದರೆ ಜಾಲದ ಕಂಪ್ಯೂಟರುಗಳು ಸಾಮಾನ್ಯವಾಗಿ ಅದನ್ನು ಮುಂದಕ್ಕೆ ದಾಟಿಸುವುದೇ ಇಲ್ಲ. ಅಂಥ ಮೊತ್ತಕ್ಕೆ ಶಾಸ್ತ್ರಕಾರರು ‘ಡಸ್ಟ್’ ಎನ್ನುತ್ತಾರೆ. ಮೇಲಿನ ಲೆಕ್ಕದಲ್ಲಿ 546 ಸತೋಶಿ ಅಂದರೆ 27 ರೂಪಾಯಿ ಚಿಲ್ಲರೆ. ದರ್ಶಿನಿಯಲ್ಲಿ ಒಂದು ಕಾಫಿ ಬರುತ್ತದೆ.

4. ಶುಲ್ಕದ ಸಪ್ತವಿಧ ವರ್ಗೀಕರಣ

ಶುಲ್ಕವು ಕಾಲ, ದೇಶ, ಪಾತ್ರಭೇದಗಳಿಂದ ಏಳು ಬಗೆಯಾಗಿದೆ.

ಮೊದಲನೆಯದು ಆರೋಹಣ ಶುಲ್ಕ. ರೂಪಾಯಿ ಕೊಟ್ಟು ನಾಣ್ಯ ಕೊಳ್ಳುವಾಗ ಎಕ್ಸ್‌ಚೇಂಜ್ ಹಿಡಿದುಕೊಳ್ಳುವ ಕಮಿಷನ್, ಅದರ ಮೇಲೆ ಶೇ 18 ಜಿಎಸ್‌ಟಿ. ಎರಡನೆಯದು ನಿಷ್ಕ್ರಮಣ ಶುಲ್ಕ. ಕೊಂಡ ನಾಣ್ಯವನ್ನು ಎಕ್ಸ್‌ಚೇಂಜಿನಿಂದ ಸ್ವಂತ ವಾಲೆಟ್ಟಿಗೆ ತರುವಾಗ ಸಾಮಾನ್ಯವಾಗಿ ಇಂತಿಷ್ಟೇ ಎಂದು ಕತ್ತರಿಸುವ ಮೊತ್ತ ಇದು. ಮೂರು ಲಕ್ಷ ತರುವವನಿಗೆ ಇದು ಕಾಣುವುದೂ ಇಲ್ಲ. ಮುನ್ನೂರು ತರುವವನಿಗೆ ಇದರ ಹೊರತು ಬೇರೇನೂ ಕಾಣುವುದಿಲ್ಲ.

ಮೂರನೆಯದು ಗಣಿಶುಲ್ಕ. ಶಾಸ್ತ್ರದ ಗರ್ಭಗುಡಿ ಇದೇ ಆದ್ದರಿಂದ ತುಸು ನಿಲ್ಲಬೇಕು. ಫೋನಿನ ಪರದೆಯ ಮೇಲೆ ನಿಧಾನ, ಸಾಧಾರಣ, ವೇಗ ಎಂಬ ಮೂರು ಗುಂಡಿಗಳು. ‘ನಿಧಾನ’ದ ಎದುರಿಗೂ ಒಂದು ಅಂಕಿ ಇದೆ, ಅದೇ ಎದೆ ಧಸಕ್ಕೆನ್ನುವಷ್ಟು. ಹೆಬ್ಬೆರಳು ಮೂರರ ನಡುವೆ ಓಲಾಡುತ್ತಿರುವಾಗಲೇ ಅಂಕಿ ಕಣ್ಣೆದುರು ಬದಲಾಗುತ್ತದೆ, ಏಕೆಂದರೆ ಅಷ್ಟರಲ್ಲಿ ಭೂಮಿಯ ಇನ್ನಾವುದೋ ಮೂಲೆಯಲ್ಲಿ ಯಾರೋ ಹೆಚ್ಚಿಗೆ ಕೂಗಿದ್ದಾರೆ. ಇದೊಂದು ಹರಾಜು. ವ್ಯವಹಾರಗಳನ್ನು ಕಟ್ಟುಕಟ್ಟಿ ದಾಖಲಿಸುವ ಗಣಿಗಾರರಿಂದ ಸುಮಾರು ಹತ್ತು ನಿಮಿಷಕ್ಕೆ ಒಂದು ಬ್ಲಾಕ್, ಅಂದರೆ ಒಂದು ಕಟ್ಟು. ಅದರಲ್ಲಿ ಜಾಗ ಇಷ್ಟೇ. ಹೆಚ್ಚು ಕೂಗಿದವರು ಮೊದಲು. ಕಡಿಮೆ ಕೂಗಿದವರು ಕಾಯಬೇಕು. ಬಿಟ್‌ಕಾಯಿನ್ ಕೋರ್ ತಂತ್ರಾಂಶವನ್ನು ಇದ್ದ ಹಾಗೆ ಬಳಸಿದರೆ 14 ದಿನ ಕಾದ ವ್ಯವಹಾರ ಸರದಿಯಿಂದಲೇ ಉದುರುತ್ತದೆ.

ನಾಲ್ಕನೆಯದು ವೈಫಲ್ಯ ಶುಲ್ಕ, ಇಥೀರಿಯಂನ ವಿಶೇಷ. ವ್ಯವಹಾರ ನಡುದಾರಿಯಲ್ಲಿ ಕೆಟ್ಟುನಿಂತರೂ ಅಲ್ಲಿಯವರೆಗೆ ಸುಟ್ಟ ‘ಗ್ಯಾಸ್’, ಅಂದರೆ ಯಂತ್ರಗಳು ಮಾಡಿದ ಗಣನೆಯ ದುಡ್ಡು ಕೊಡಬೇಕು. ಐದನೆಯದು ಅವರೋಹಣ ಶುಲ್ಕ, ಭಾರತ ಸರ್ಕಾರದ ಕೊಡುಗೆ. ಮಾರುವಾಗ 2022ರ ಜುಲೈ 1ರಿಂದ ಶೇ 1 ಟಿಡಿಎಸ್, ಲಾಭವಿದ್ದರೆ ಶೇ 30 ತೆರಿಗೆ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಖರ್ಚನ್ನು ಲಾಭದಲ್ಲಿ ಕಳೆಯುವಂತಿಲ್ಲ. ಮೇಲೆ ಹೇಳಿದ ಗಣಿಶುಲ್ಕ ಸರ್ಕಾರದ ದೃಷ್ಟಿಯಲ್ಲಿ ಖರ್ಚೇ ಅಲ್ಲ.

ಆರನೆಯದೂ ಏಳನೆಯದೂ ಇವೆ. ಬರೆಯುವ ಹುಮ್ಮಸ್ಸಿಲ್ಲ. ಯಾವ ಹೆಸರಿಟ್ಟರೂ ಕೈ ಹಾಕುವುದು ಅದೇ ಜೇಬಿಗೆ.

5. ದೃಷ್ಟಾಂತಗಳು

2020ರ ಜೂನ್ 10ರಂದು ಇಥೀರಿಯಂ ಜಾಲದಲ್ಲಿ ಯಾರೋ 0.55 ಈಥರ್ ಕಳಿಸಿದರು. ಆಗಿನ ಬೆಲೆಯಲ್ಲಿ 130 ಡಾಲರ್ ಚಿಲ್ಲರೆ. ತೆತ್ತ ಶುಲ್ಕ ಸುಮಾರು 26 ಲಕ್ಷ ಡಾಲರ್. 2023ರ ಸೆಪ್ಟೆಂಬರ್‌ನಲ್ಲಿ ಪ್ಯಾಕ್ಸೋಸ್ ಎಂಬ ಕಂಪನಿ 2,000 ಡಾಲರಿನಷ್ಟು ಬಿಟ್‌ಕಾಯಿನ್ ಸಾಗಿಸಲು ಹೋಗಿ ತಂತ್ರಾಂಶದ ಎಡವಟ್ಟಿನಿಂದ 19.8 ಬಿಟ್‌ಕಾಯಿನ್ ಶುಲ್ಕ ಕಟ್ಟಿತು. ಆಗಿನ ಬೆಲೆಯಲ್ಲಿ ಅದು ಸುಮಾರು ಐದು ಲಕ್ಷ ಡಾಲರ್. ಎಫ್‌ಟುಪೂಲ್ ಎಂಬ ಗಣಿಗಾರರ ಕೂಟ ಆ ಹಣವನ್ನು ಹಿಂದಿರುಗಿಸಿತು. ಯಾರನ್ನೂ ನಂಬಬೇಕಿಲ್ಲದ ಜಾಲದಲ್ಲಿ ಕೊನೆಗೆ ಕೈಹಿಡಿದದ್ದು ಗಣಿಗಾರರ ಒಳ್ಳೆಯತನ. ಹಣ ಕಳೆದುಕೊಂಡದ್ದು ಕಂಪನಿಯಾಗಿತ್ತು, ಅದರ ಮಾತಿಗೆ ಬೆಲೆಯಿತ್ತು. ಮುನ್ನೂರು ರೂಪಾಯಿ ಕಳೆದುಕೊಂಡವನು ಯಾವ ಗಣಿಗಾರನ ಬಾಗಿಲು ತಟ್ಟಬೇಕು ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

6. ಪೂರ್ವಪಕ್ಷ ನಿರಾಕರಣ

ಪೂರ್ವಪಕ್ಷಿಯು ಹೇಳುತ್ತಾನೆ: ಚಿಲ್ಲರೆ ವ್ಯವಹಾರಕ್ಕೆಂದೇ ಬಿಟ್‌ಕಾಯಿನ್ ಮೇಲೆ ಕಟ್ಟಿದ ಲೈಟ್ನಿಂಗ್ ಜಾಲವಿದೆ, ಅಲ್ಲಿ ಶುಲ್ಕ ಪೈಸೆಗಳಲ್ಲಿ. ಸರಿ. ಆದರೆ ಅಲ್ಲಿ ಸ್ವಂತ ಚಾನೆಲ್ ತೆರೆಯಲು ಮೂಲ ಜಾಲದಲ್ಲೇ ಒಂದು ವ್ಯವಹಾರ ಮಾಡಬೇಕು, ಮುಚ್ಚಲು ಇನ್ನೊಂದು. ಅದು ಬೇಡವೆಂದರೆ ಯಾವುದೋ ಕಂಪನಿಯ ವಾಲೆಟ್ಟಿನಲ್ಲಿ ಹಣವಿಡಬೇಕು. ಮಧ್ಯವರ್ತಿ ಹಿಂಬಾಗಿಲಿನಿಂದ ಬಂದು ಕೂತ.

ಮತ್ತೆ ಹೇಳುತ್ತಾನೆ: ಜಾಲ ಬಿಡುವಾಗಿದ್ದಾಗ ಬೈಟ್‌ಗೆ ಒಂದೆರಡು ಸತೋಶಿ ಸಾಕಲ್ಲವೇ? ಅದೂ ನಿಜ, ಅಂಥ ತಿಂಗಳುಗಳಿವೆ. ಆದರೆ ಅದೇ ಪೂರ್ವಪಕ್ಷಿ ಮಧ್ಯಾಹ್ನದ ಗೋಷ್ಠಿಯಲ್ಲಿ ಇನ್ನೊಂದು ಮಾತು ಹೇಳುತ್ತಾನೆ. ಗಣಿಗಾರನಿಗೆ ಬ್ಲಾಕ್ ಒಂದಕ್ಕೆ ಸಿಗುವ ಹೊಸ ನಾಣ್ಯ 2,10,000 ಬ್ಲಾಕಿಗೊಮ್ಮೆ, ಅಂದರೆ ಸುಮಾರು ನಾಲ್ಕು ವರ್ಷಕ್ಕೊಮ್ಮೆ, ಅರ್ಧವಾಗುತ್ತದೆ. 2009ರಲ್ಲಿ 50 ಇದ್ದದ್ದು 2024ರಲ್ಲಿ 3.125ಕ್ಕೆ ಇಳಿದಿದೆ, ಮುಂದೆ ಗಣಿಗಾರರು ಬದುಕಬೇಕಾದ್ದೂ ಜಾಲವನ್ನು ಕಾಯಬೇಕಾದ್ದೂ ಶುಲ್ಕದಿಂದಲೇ. ಬೆಳಿಗ್ಗೆ ಶುಲ್ಕ ಇಳಿಯುತ್ತದೆ ಎಂಬ ಭರವಸೆ, ಮಧ್ಯಾಹ್ನ ಶುಲ್ಕ ಏರಲೇಬೇಕು ಎಂಬ ಸಿದ್ಧಾಂತ. ನಡುವೆ ಊಟ.

ಏರುವುದು ಹೇಗಿರುತ್ತದೆಂದು 2024ರ ಏಪ್ರಿಲ್ 20ರಂದು ಎಲ್ಲರೂ ನೋಡಿದರು. ಪ್ರತಿಫಲ ಅರ್ಧವಾದ ಆ ದಿನವೇ ರೂನ್ಸ್ ಎಂಬ ಹೊಸ ಟೋಕನ್‌ಗಳ ಹುಚ್ಚು ಹತ್ತಿ ಸರಾಸರಿ ಶುಲ್ಕ 120 ಡಾಲರ್ ದಾಟಿತು. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಯ ಹತ್ತಿರ. ಅಷ್ಟು ಕೊಟ್ಟು ನುಗ್ಗಿದವರು ಯಾರೂ ಊರಿಗೆ ಹಣ ಕಳಿಸುವವರಾಗಿರಲಿಲ್ಲ.

ಕೊನೆಗೆ ಪೂರ್ವಪಕ್ಷಿ ಹೇಳುವುದು: ‘ನಿಮಗೆ ಅರ್ಥವಾಗಿಲ್ಲ. ಬಿಟ್‌ಕಾಯಿನ್ ಇರುವುದು ಚಿಲ್ಲರೆಗೆ ಅಲ್ಲವೇ ಅಲ್ಲ.’

ಹಾಗಿದ್ದರೆ ನಿಮ್ಮ ಸ್ಲೈಡಿನಲ್ಲಿ ಆ ಹೆಂಗಸಿನ ಚಿತ್ರ ಏಕೆ ಇತ್ತು ಸ್ವಾಮಿ? ತಲೆಯ ಮೇಲೆ ಸಿಂಬಿ, ಕೈಯಲ್ಲಿ ಫೋನು, ಮುಖದ ತುಂಬ ನಗು. ಕೆಳಗೆ ‘ಬ್ಯಾಂಕಿಂಗ್ ದಿ ಅನ್‌ಬ್ಯಾಂಕ್ಡ್’ ಎಂದು ದಪ್ಪಕ್ಷರ. ಆಕೆಯ ಹೆಸರು ನಿಮಗೆ ಗೊತ್ತಿರಲಿಲ್ಲ, ದುಡ್ಡು ಕೊಟ್ಟು ತಂದ ಚಿತ್ರ ಅದು. ಆಕೆಯನ್ನು ತೋರಿಸಿಯೇ ಹೂಡಿಕೆ ಎತ್ತಿದಿರಿ, ಆಕೆಯನ್ನು ತೋರಿಸಿಯೇ ಚಪ್ಪಾಳೆ ಗಿಟ್ಟಿಸಿದಿರಿ. ಆಕೆ ನಿಜವಾಗಿ ಬಂದು ಮುನ್ನೂರು ರೂಪಾಯಿ ಕಳಿಸಬೇಕೆಂದಾಗ, ಇದು ನಿನಗಾಗಿ ಕಟ್ಟಿದ್ದಲ್ಲ ಎಂದಿರಿ. ಹರಾಜಿನಲ್ಲಿ ಬಡವರಿಗೆ ಯಾವಾಗಲೂ ಕೊನೆಯ ಸರದಿ ಎಂಬುದನ್ನು ತಿಳಿಯಲು ಕ್ರಿಪ್ಟೋಗ್ರಫಿ ಕಲಿಯಬೇಕಿರಲಿಲ್ಲ. ಯಾವುದಾದರೂ ಎಪಿಎಂಸಿ ಯಾರ್ಡಿಗೆ ಬೆಳಗಿನ ಹೊತ್ತು ಹೋಗಿ ನಿಂತಿದ್ದರೆ ಸಾಕಿತ್ತು.

ಎಲ್ ಸಾಲ್ವಡೋರ್ ದೇಶದಲ್ಲಿ ಇಂಥ ಹೆಂಗಸರು ಚಿತ್ರದಲ್ಲಿ ಮಾತ್ರವಲ್ಲ, ಮನೆಮನೆಯಲ್ಲೂ ಇದ್ದಾರೆ. ಅಮೆರಿಕದಲ್ಲಿ ದುಡಿಯುವ ಮಕ್ಕಳು ಕಳಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಭಾಗಕ್ಕೂ ಹೆಚ್ಚು. 2021ರ ಸೆಪ್ಟೆಂಬರ್ 7ರಂದು ಅಲ್ಲಿ ಬಿಟ್‌ಕಾಯಿನ್ ಕಾನೂನುಬದ್ಧ ಹಣವಾಯಿತು. ಹಣ ಕಳಿಸುವ ಕಮಿಷನ್ ಉಳಿಯುತ್ತದೆ ಎಂಬುದು ಅಧ್ಯಕ್ಷ ಬುಕೇಲೆಯವರ ದೊಡ್ಡ ವಾದ. ಮೂಲ ಜಾಲದ ಶುಲ್ಕ ಜನಕ್ಕೆ ತಟ್ಟದಿರಲೆಂದು ಸರ್ಕಾರವೇ ಚಿವೊ ಎಂಬ ವಾಲೆಟ್ ತಂದು ತಾನೇ ನಡುವೆ ಕೂತಿತು, ತಲೆಗೆ 30 ಡಾಲರ್ ಹಂಚಿತು. ಬೆಲೆಯ ಏರಿಳಿತ, ಆ್ಯಪಿನ ತೊಂದರೆ, ಅಪನಂಬಿಕೆ ಎಲ್ಲವೂ ಸೇರಿ 2022, 2023ರಲ್ಲಿ ಕ್ರಿಪ್ಟೋ ಮೂಲಕ ಬಂದ ಪಾಲು ಶೇ 2ನ್ನೂ ಮುಟ್ಟಲಿಲ್ಲ. 2025ರ ಜನವರಿಯಲ್ಲಿ ಕಾನೂನು ತಿದ್ದಿ, ಅಂಗಡಿಯವರು ಬಿಟ್‌ಕಾಯಿನ್ ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿದರು.

ನಮ್ಮಲ್ಲಿ ಯಾದಗಿರಿಯಿಂದ ಬಂದು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವವರು ಊರಿಗೆ ಯುಪಿಐನಲ್ಲಿ ಐನೂರು ಕಳಿಸಿದರೆ ಐನೂರೇ ಹೋಗುತ್ತದೆ. ಯುಪಿಐ ಕೂಡ ಧರ್ಮಕ್ಕೆ ನಡೆಯುವುದಲ್ಲ, ಅದರ ಖರ್ಚನ್ನು ಬ್ಯಾಂಕು, ಸರ್ಕಾರ ಹೊರುತ್ತವೆ, ಅಂದರೆ ಕೊನೆಗೆ ನಾವೇ. ಆದರೂ ಕಳಿಸುವ ಗಳಿಗೆಯಲ್ಲಿ ಆ ಗಾರೆಯವನ ಕೈಯಿಂದ ಯಾರೂ ಕಿತ್ತುಕೊಳ್ಳುವುದಿಲ್ಲ. ಆ ವ್ಯವಸ್ಥೆಯ ಬಗ್ಗೆ ಒಬ್ಬರೂ ‘ವಿಮೋಚನೆ’ ಎಂಬ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಮುಂದೆ ಯಾವುದಾದರೂ ಕ್ರಿಪ್ಟೋ ಸಮ್ಮೇಳನಕ್ಕೆ ಕರೆ ಬಂದರೆ, ನೋಂದಣಿ ಹಣವನ್ನು ಬಿಟ್‌ಕಾಯಿನ್‌ನಲ್ಲೇ ಕಟ್ಟುತ್ತೇನೆ, ಗಣಿಶುಲ್ಕ ನೀವೇ ಭರಿಸಿ ಎಂದು ಸಂಘಟಕರಿಗೆ ಬರೆಯಿರಿ. ಉತ್ತರ ಬರುವುದು ತಡವಾದರೆ ಬೇಸರ ಬೇಡ. 2018ರ ಜನವರಿಯಲ್ಲಿ ಮಯಾಮಿಯಲ್ಲಿ ನಡೆದ ಉತ್ತರ ಅಮೆರಿಕದ ಬಿಟ್‌ಕಾಯಿನ್ ಸಮ್ಮೇಳನದವರು ಕೊನೆಗಳಿಗೆಯ ಟಿಕೆಟ್ಟಿಗೆ ಬಿಟ್‌ಕಾಯಿನ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರು. ಜಾಲ ಕಿಕ್ಕಿರಿದಿದೆ, ಒಂದೊಂದನ್ನೂ ಕೈಯಲ್ಲೇ ದಾಖಲಿಸಬೇಕು ಎಂಬುದು ಅವರು ಕೊಟ್ಟ ಕಾರಣ.